ಬಾವಲಿ ರಕ್ತದ ಪರಾವಲಂಬಿ: ಸ್ಲೈಡ್‌ನಿಂದ ಸೀಕ್ವೆನ್ಸ್‌ವರೆಗೆ

ಬಾವಲಿಯ ರಕ್ತದಲ್ಲಿ ಮಲೇರಿಯಾ ಬಳಗದ ಪರಾವಲಂಬಿ ಇದೆಯೋ ಇಲ್ಲವೋ ಎಂದು ಪಿಸಿಆರ್ (ಡಿಎನ್‌ಎಯ ಒಂದು ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ) ಹಾಕಿ ನೋಡುವುದು ಈಗ ದೊಡ್ಡ ವಿದ್ಯೆಯೇನಲ್ಲ. ಸಿಕ್ಕ ಸೀಕ್ವೆನ್ಸ್‌ಗೆ, ಅಂದರೆ ಡಿಎನ್‌ಎ ಅಕ್ಷರಗಳ ಸಾಲಿಗೆ, ಹೆಸರಿಡುವಾಗಲೇ ಹೆಚ್ಚಿನವರು ಎಡವುವುದು. ಕಾಡಿನಿಂದ ರಕ್ತ ತಂದಿರುತ್ತಾರೆ, ಸ್ಲೈಡ್ ಮಾಡಿರುವುದಿಲ್ಲ. ಜೀನ್ ಡೇಟಾಬೇಸ್‌ಗಳಲ್ಲಿ ಸ್ಲೈಡ್‌ನ ಆಧಾರವಿಲ್ಲದೆ ‘ಬಾವಲಿಯ ಹೀಮೋಸ್ಪೊರಿಡಿಯನ್’ (ಮಲೇರಿಯಾ ಬಳಗದ ಜೀವಿ) ಎಂದಷ್ಟೇ ಕೂತಿರುವ ನಮೂದುಗಳು ಬೇಕಾದಷ್ಟಿವೆ. ಇನ್ನೊಂದನ್ನು ಸೇರಿಸುವ ಅಗತ್ಯವಿಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಗಾಜಿನ ಸ್ಲೈಡ್‌ಗೂ ಪಿಸಿಆರ್ ಯಂತ್ರವಾದ ಥರ್ಮಲ್ ಸೈಕ್ಲರ್‌ಗೂ ಸಮಪಾಲು.

ಹುಡುಕುತ್ತಿರುವುದು ಯಾರನ್ನು?

ಬಾವಲಿಗಳಲ್ಲಿ ಮುಖ್ಯವಾಗಿ ನಾಲ್ಕು ಕುಲಗಳನ್ನು ನಿರೀಕ್ಷಿಸಬೇಕು. ಉದ್ದರೆಕ್ಕೆಯ ಮಿನಿಯಾಪ್ಟೆರಸ್, ಮಯೋಟಿಸ್‌ನಂಥ ಕೀಟಾಹಾರಿಗಳಲ್ಲಿ ಪಾಲಿಕ್ರೋಮೋಫೈಲಸ್. ಹಣ್ಣು ತಿನ್ನುವ ಬಾವಲಿಗಳಲ್ಲಿ ಹೆಚ್ಚಾಗಿ ಹೆಪಟೋಸಿಸ್ಟಿಸ್. ಕುದುರೆಲಾಳ ಮೂಗಿನ ರೈನೋಲೋಫಸ್ ಮತ್ತು ಅದರ ನೆಂಟರಲ್ಲಿ ನಿಕ್ಟೀರಿಯಾ. ಆಫ್ರಿಕದ ಕೆಲವು ಬಾವಲಿಗಳಲ್ಲಿ ನಿಜವಾದ ಪ್ಲಾಸ್ಮೋಡಿಯಂ ಕೂಡ ಇದೆ: ವೋಲ್ಟೈಕಮ್, ಸೈಕ್ಲಾಪ್ಸಿ ಎಂಬ ಪ್ರಭೇದಗಳು. ಇವುಗಳ ಜೊತೆಗೆ ಟ್ರಿಪನೋಸೋಮಾ, ಬಬೀಸಿಯಾ ಸಿಗಬಹುದು. ಅವು ಬೇರೆಯೇ ಬಳಗದವು, ಅವುಗಳಿಗೆ 18ಎಸ್ ಎಂಬ ರೈಬೋಸೋಮ್ ಜೀನಿನ ಪ್ರೈಮರ್ (ಪಿಸಿಆರ್ ಶುರುವಾಗಲು ಅಂಟುವ ಚಿಕ್ಕ ಡಿಎನ್‌ಎ ತುಣುಕು) ಬೇರೆ ಬೇಕು.

ಮುಂದಿನ ಹಂತಗಳಿಗೆಲ್ಲ ಉದಾಹರಣೆ ಮಿನಿಯಾಪ್ಟೆರಸ್ ಮತ್ತು ಪಾಲಿಕ್ರೋಮೋಫೈಲಸ್ ಮೆಲನಿಫೆರಸ್. ಇಟಲಿಯ ಡಿಯೊನಿಸಿ 19ನೇ ಶತಮಾನದ ಕೊನೆಯಲ್ಲಿ ವರ್ಣಿಸಿದ ಈ ಜೀವಿ ಯುರೋಪ್, ಆಫ್ರಿಕ, ಮಡಗಾಸ್ಕರ್‌ನ ಮಿನಿಯಾಪ್ಟೆರಸ್‌ಗಳಲ್ಲಿ ಚೆನ್ನಾಗಿ ಅಧ್ಯಯನಗೊಂಡಿದೆ. ಹೋಲಿಸಿ ನೋಡಲು ಸೀಕ್ವೆನ್ಸ್‌ಗಳಿಗೆ ಕೊರತೆಯಿಲ್ಲ.

ಕಾಡಿಗೆ ಹೋಗುವ ಮುನ್ನ

ಭಾರತದಲ್ಲಿ ಕೆಲಸ ಮಾಡುವುದಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಮತ್ತು ಸಂಸ್ಥೆಯ ಪ್ರಾಣಿ ನೀತಿ ಸಮಿತಿ, ಜೈವಿಕ ಸುರಕ್ಷತಾ ಸಮಿತಿಗಳ ಒಪ್ಪಿಗೆ ಬೇಕು. ಹಣ್ಣಿನ ಬಾವಲಿಗೆ ಕೇಳುವವರಿಲ್ಲ ಎಂಬ ಹಳೆಯ ಧೋರಣೆ ಈಗ ನಡೆಯದು. ವನ್ಯಜೀವಿ ಕಾಯ್ದೆಯಲ್ಲಿದ್ದ ‘ಪೀಡಕ ಪ್ರಾಣಿ’ಗಳ ಪಟ್ಟಿಯನ್ನೇ 2022ರ ತಿದ್ದುಪಡಿ ತೆಗೆದುಹಾಕಿದೆ. ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯೂ ಅಡ್ಡ ಬರುತ್ತದೆ. ಅದರ ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಮೊದಲೇ ಶುರು ಮಾಡಿ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯ ಎಲೆಮೂಗಿನ ಬಾವಲಿ, ಬೆಳಗಾವಿಯ ಬಾರಾಪೇಡೆ ಗುಹೆಯ ರೋಟನ್ ಬಾವಲಿ ಇಂಥವುಗಳ ತಾಣಗಳನ್ನು ಒಂದು ಹನಿ ರಕ್ತಕ್ಕಾಗಿ ಕಲಕಬಾರದು. ಅನುಮತಿ ಸಿಗುವುದು ಕಷ್ಟ, ಸಿಕ್ಕರೂ ಬೇಡ.

ಬಾವಲಿ ಮುಟ್ಟುವವರೆಲ್ಲ ರೇಬೀಸ್ ಮುಂಜಾಗ್ರತಾ ಲಸಿಕೆ ಪಡೆದಿರಲೇಬೇಕು. ಕಚ್ಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಹಣ್ಣಿನ ಬಾವಲಿಯ ರಕ್ತವನ್ನು ತೆರೆದ ನಳಿಕೆಯಲ್ಲಿ ಲ್ಯಾಬಿಗೆ ತರುವುದು ಮೂರ್ಖತನ. ರಕ್ತ ಹೊರಬಂದ ಕೂಡಲೇ ವೈರಸ್ ಸಾಯಿಸುವ ಲೈಸಿಸ್ ಬಫರ್‌ಗೆ (ಕೋಶ ಒಡೆಯುವ ದ್ರಾವಣಕ್ಕೆ) ಸೇರಲಿ. ಗುಹೆಯೊಳಗೆ ಎನ್95 ಮುಖಗವಸು ಬೇಕು, ಹಿಕ್ಕೆಯ ದೂಳಿನಲ್ಲಿ ಹಿಸ್ಟೋಪ್ಲಾಸ್ಮಾ ಶಿಲೀಂಧ್ರ ಇರಬಹುದು. ಮಲೆನಾಡಿನಲ್ಲಾದರೆ ಉಣ್ಣಿಯ ಕಾಟವೂ ಸೇರಿ ಮಂಗನ ಕಾಯಿಲೆಯ ಎಚ್ಚರ ಬೇಕು.

ರಕ್ತ: ಎಷ್ಟು, ಎಲ್ಲಿಂದ

ಬಾವಲಿ ಹಿಡಿಯಲು ಗುಹೆಯ ಬಾಯಿಗೆ ಹಾರ್ಪ್ ಟ್ರ್ಯಾಪ್ (ಸಾಲು ತಂತಿಗಳ ಚೌಕಟ್ಟು), ಹಣ್ಣಿನ ಮರದ ಬಳಿ ಮಿಸ್ಟ್ ನೆಟ್ (ತೆಳ್ಳನೆಯ ಬಲೆ). ಬಲೆಯನ್ನು 10–15 ನಿಮಿಷಕ್ಕೊಮ್ಮೆ ನೋಡಲೇಬೇಕು, ತಡವಾದಷ್ಟೂ ಬಾವಲಿ ಸುತ್ತಿಕೊಂಡು ರೆಕ್ಕೆ ಹರಿದುಕೊಳ್ಳುತ್ತದೆ. ಬಸುರಿ ಬಾವಲಿಯನ್ನೂ ಮರಿ ಕಚ್ಚಿಕೊಂಡಿರುವ ತಾಯಿಯನ್ನೂ ತೂಕ ಕೂಡ ನೋಡದೆ ಬಿಟ್ಟುಬಿಡಿ. ಒಂದೊಂದನ್ನೂ ಒಗೆದ ಹತ್ತಿಬಟ್ಟೆಯ ಬೇರೆ ಬೇರೆ ಚೀಲದಲ್ಲಿ ಇಡಿ. ಒಂದೇ ಚೀಲಕ್ಕೆ ಎರಡು ಹಾಕಿದರೆ ಅವುಗಳ ಮೈಮೇಲಿನ, ಪರಾವಲಂಬಿ ಹರಡುವ ನೊಣಗಳು ಅದಲುಬದಲಾಗುತ್ತವೆ. ಆಮೇಲೆ ಯಾವ ನೊಣ ಯಾವ ಬಾವಲಿಯದು ಎಂದು ಹೇಳಲು ಬ್ರಹ್ಮನಿಂದಲೂ ಆಗದು.

ಒಂದು ಬಾರಿಗೆ ತೆಗೆಯುವ ರಕ್ತ ದೇಹತೂಕದ ಶೇ. 1ನ್ನು ಮೀರಬಾರದು. 10 ಗ್ರಾಂ ಬಾವಲಿಗೆ ಅದು ಸುಮಾರು 100 ಮೈಕ್ರೋಲೀಟರ್. ಆ ಗಡಿಯವರೆಗೆ ಹೋಗುವ ಅಗತ್ಯವೇ ಇಲ್ಲ, ಎರಡು ಸ್ಲೈಡ್ ಮತ್ತು ಡಿಎನ್‌ಎಗೆ ಸೇರಿ 20–30 ಮೈಕ್ರೋಲೀಟರ್ ಸಾಕು. ಹಿಂಗಾಲುಗಳ ನಡುವಿನ ಪೊರೆಯ ರಕ್ತನಾಳವನ್ನೋ ಮುಂದೋಳಿನ ಮುಂಬದಿಯ ಪೊರೆಯ ನಾಳವನ್ನೋ ಸ್ಪಿರಿಟ್‌ನಿಂದ ಒರೆಸಿ, ಸ್ಪಿರಿಟ್ ಪೂರ್ತಿ ಆರಲು ಬಿಡಿ. ಒದ್ದೆಯಿದ್ದರೆ ಕೆಂಪುಕಣ ಒಡೆದು ಸ್ಲೈಡ್ ಕೆಡುತ್ತದೆ. 27 ಅಥವಾ 30 ಗೇಜ್ ಸೂಜಿಯಿಂದ ಒಮ್ಮೆ ಚುಚ್ಚಿ, ಮೂಡಿದ ಹನಿಯನ್ನು ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಲೇಪಿಸಿದ ಕ್ಯಾಪಿಲರಿಗೆ (ಸಪೂರ ಗಾಜಿನ ನಳಿಕೆಗೆ) ಎಳೆದುಕೊಳ್ಳಿ. ಹೆಪರಿನ್ ಲೇಪದ ಕ್ಯಾಪಿಲರಿ ಮುಟ್ಟಬೇಡಿ. ಕೆಂಪು ಪಟ್ಟಿಯ ಆ ನಳಿಕೆಗಳು ಎಲ್ಲ ಲ್ಯಾಬುಗಳಲ್ಲೂ ಬಿದ್ದಿರುತ್ತವೆ, ಅಭ್ಯಾಸಬಲದಿಂದ ಕೈಗೆ ಬರುತ್ತವೆ. ಹೆಪರಿನ್ ಪಿಸಿಆರ್ ನಡೆಸುವ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ, ಡಿಎನ್‌ಎ ಶುದ್ಧಗೊಳಿಸುವ ಕಾಲಮ್‌ನಲ್ಲಿ ತೊಳೆದರೂ ಪೂರ್ತಿ ಹೋಗುವ ಭರವಸೆಯಿಲ್ಲ. ಕೊನೆಗೆ ಹತ್ತಿಯಿಂದ ಒಂದು ನಿಮಿಷ ಒತ್ತಿ, ಸಕ್ಕರೆ ನೀರು ಕುಡಿಸಿ, ಹಿಡಿದ ಜಾಗದಲ್ಲೇ ಬಿಡಿ.

ಸ್ಲೈಡ್: ಎರಡು ನಿಮಿಷದ ಒಳಗೆ

ರಕ್ತ ಹೊರಬಂದ ಎರಡು ನಿಮಿಷದೊಳಗೆ ಸ್ಲೈಡ್ ಎಳೆದಿರಬೇಕು. ಈ ಅವಸರಕ್ಕೆ ಕಾರಣವಿದೆ. ಪಾಲಿಕ್ರೋಮೋಫೈಲಸ್, ಹೆಪಟೋಸಿಸ್ಟಿಸ್, ನಿಕ್ಟೀರಿಯಾ ಈ ಮೂರೂ ರಕ್ತದಲ್ಲಿ ಇರುವುದು ಗ್ಯಾಮಿಟೋಸೈಟ್ ರೂಪದಲ್ಲಿ, ಅಂದರೆ ಕೀಟದ ಹೊಟ್ಟೆ ಸೇರಲು ಕಾದು ಕೂತ ಗಂಡು-ಹೆಣ್ಣು ಕೋಶಗಳಾಗಿ. ನಳಿಕೆಯಲ್ಲಿ ರಕ್ತ ತಣ್ಣಗಾಗಿ ಗಾಳಿಯ ಸಂಪರ್ಕದಲ್ಲಿ ಅದರ ಪಿಎಚ್ ಏರಿತೆಂದರೆ, ಕೀಟದೊಳಗೆ ಬಂದೆವೆಂದೇ ಅವು ಭ್ರಮಿಸುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ಗಂಡು ಕೋಶ ಒಡೆದು ಚಾವಟಿಯಂಥ ಎಳೆಗಳನ್ನು ಹೊರಚಿಮ್ಮುತ್ತದೆ. ಆಮೇಲೆ ಎಳೆದ ಸ್ಲೈಡ್‌ನಲ್ಲಿ ಕಾಣುವುದು ಕೆಂಪುಕಣದಿಂದ ಹೊರಬಿದ್ದ ದುಂಡು ಮುದ್ದೆಗಳು ಮತ್ತು ತೆಳ್ಳನೆಯ ದಾರಗಳು. ಆ ದಾರಗಳನ್ನು ಟ್ರಿಪನೋಸೋಮಾ ಎಂದು ಬರೆದುಕೊಂಡವರು ಇದ್ದಾರೆ. ಟ್ರಿಪನೋಸೋಮಾಕ್ಕೆ ನ್ಯೂಕ್ಲಿಯಸ್ ಜೊತೆಗೆ ಹಿಂತುದಿಯ ಕಡೆ ಗಾಢ ಚುಕ್ಕೆಯಂಥ ಕೈನೆಟೊಪ್ಲಾಸ್ಟ್ ಇರುತ್ತದೆ, ಈ ದಾರಗಳಿಗೆ ಇರುವುದಿಲ್ಲ.

ಹನಿ ಚಿಕ್ಕದಿರಲಿ, 2–3 ಮೈಕ್ರೋಲೀಟರ್. ಇನ್ನೊಂದು ಸ್ಲೈಡನ್ನು ಸುಮಾರು 45 ಡಿಗ್ರಿ ಓರೆ ಹಿಡಿದು ಒಂದೇ ಎಳೆತಕ್ಕೆ ಎಳೆಯಿರಿ. ತುದಿ ಹಕ್ಕಿಯ ಗರಿಯ ಹಾಗೆ ತೆಳುವಾಗಬೇಕು, ಓದುವುದು ಆ ಭಾಗದಲ್ಲೇ. ಮಳೆಗಾಲದ ಘಟ್ಟದಲ್ಲಿ ಸ್ಲೈಡ್ ತಾನಾಗಿ ಒಣಗುವುದಿಲ್ಲ. ಸಣ್ಣ ಬ್ಯಾಟರಿ ಫ್ಯಾನ್ ಮುಂದೆ ಹಿಡಿಯಿರಿ, ದೀಪದ ಶಾಖಕ್ಕೆ ಹಿಡಿಯಬೇಡಿ. ನಿಧಾನ ಒಣಗಿದ ಕೆಂಪುಕಣಗಳ ಮೇಲೆ ಪಳಪಳ ಹೊಳೆಯುವ ತೂತುಗಳು ಮೂಡುತ್ತವೆ, ಹೊಸಬರು ಅವನ್ನೇ ಪರಾವಲಂಬಿ ಎಂದು ಎಣಿಸುತ್ತಾರೆ. ಸ್ಲೈಡ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಫೋಕಸ್ ಮೇಲೆ ಕೆಳಗೆ ಮಾಡಿ: ಬೆಳಕು ಕಪ್ಪಾಗಿ ಕಪ್ಪು ಬೆಳಕಾಗಿ ಬದಲಾದರೆ ಅದು ನೀರಿನ ಕಲೆ.

ಒಣಗಿದ ಕೂಡಲೇ ಶುದ್ಧ ಮೆಥನಾಲ್‌ನಲ್ಲಿ 1 ನಿಮಿಷ ಅದ್ದಿ. ಬಾಟಲಿ ದಿನವಿಡೀ ತೆರೆದಿದ್ದರೆ ಮೆಥನಾಲ್ ತೇವ ಎಳೆದುಕೊಳ್ಳುತ್ತದೆ, ಪ್ರತಿರಾತ್ರಿ ಹೊಸದು ಸುರಿದುಕೊಳ್ಳಿ. ಮೆಥನಾಲ್ ಕಾಣಿಸದ ಸ್ಲೈಡನ್ನು ರಾತ್ರಿ ಹಾಗೇ ಬಿಟ್ಟರೆ ಇರುವೆ, ಜಿರಲೆ ರಕ್ತ ಕೆರೆದು ತಿಂದು ಬೆಳಿಗ್ಗೆಗೆ ಬರೀ ಗಾಜು ಉಳಿಸಿರುತ್ತವೆ. ಇನ್ನೊಂದು ಶತ್ರು ಫಾರ್ಮಲಿನ್. ಮಾದರಿ ಪ್ರಾಣಿಗಳ ಜಾಡಿ ಇರುವ ಪೆಟ್ಟಿಗೆಯಲ್ಲೇ ಸ್ಲೈಡ್ ಇಟ್ಟರೆ ಅದರ ಆವಿ ತಾಗಿ ಜೀಮ್ಸಾ ಬಣ್ಣವೆಲ್ಲ ಮಂಕು ನೀಲಿಯಾಗುತ್ತದೆ, ಮತ್ತೆ ಸರಿಪಡಿಸಲಾಗದು.

ಲ್ಯಾಬಿನಲ್ಲಿ ಪಿಎಚ್ 7.2ರ ಬಫರ್‌ನಲ್ಲಿ ಶೇ. 10 ಜೀಮ್ಸಾ, 30–40 ನಿಮಿಷ. ನಲ್ಲಿ ನೀರಿನಲ್ಲಿ ಕಲಸಬೇಡಿ. ಪಿಎಚ್ ಇಳಿದರೆ ಎಲ್ಲವೂ ಗುಲಾಬಿಯಾಗಿ ಪರಾವಲಂಬಿಯ ನೀಲಿ ಮೈ ಕಾಣದೆ ಹೋಗುತ್ತದೆ. ಆಯಿಲ್ ಲೆನ್ಸ್‌ನಲ್ಲಿ 1000 ಪಟ್ಟು ಹಿಗ್ಗಿಸಿ ಕನಿಷ್ಠ 200 ಕ್ಷೇತ್ರ ನೋಡಿ.

ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಕಂದು-ಚಿನ್ನದ ಬಣ್ಣದ ಹೀಮೋಜೋಯಿನ್ (ಪರಾವಲಂಬಿ ಹೀಮೋಗ್ಲೋಬಿನ್ ತಿಂದು ಉಳಿಸುವ ವರ್ಣಕ) ಕಾಳುಗಳು ಇವೆಯೇ? ಇಲ್ಲದೆ ಪೇರ್ ಹಣ್ಣಿನಾಕಾರದ ಸಣ್ಣ ಜೋಡಿಗಳಿದ್ದರೆ ಬಬೀಸಿಯಾ. ಹೀಮೋಜೋಯಿನ್ ಇದ್ದರೆ, ಕೆಂಪುಕಣದೊಳಗೆ ಹಲವು ತುಂಡಾಗಿ ಒಡೆಯುತ್ತಿರುವ ಸೈಜಾಂಟ್ ಇದೆಯೇ? ಇದ್ದರೆ ಪ್ಲಾಸ್ಮೋಡಿಯಂ. ಎಷ್ಟು ಹುಡುಕಿದರೂ ಉಂಗುರ (ಎಳೆಯ ರೂಪ) ಮತ್ತು ಗ್ಯಾಮಿಟೋಸೈಟ್ ಮಾತ್ರ ಸಿಕ್ಕರೆ ಉಳಿದ ಮೂರರಲ್ಲಿ ಒಂದು. ಈ ಉತ್ತರ ಯಾವ ಸೀಕ್ವೆನ್ಸರ್‌ನಿಂದಲೂ ಬರುವುದಿಲ್ಲ. ಒಳ್ಳೆಯ ಗ್ಯಾಮಿಟೋಸೈಟ್ ಸಿಕ್ಕಾಗ ಅಳತೆಪಟ್ಟಿ ಹಾಕಿ ಚಿತ್ರ ತೆಗೆದಿಟ್ಟುಕೊಳ್ಳಿ.

ಡಿಎನ್‌ಎ

ಉಳಿದ 10–20 ಮೈಕ್ರೋಲೀಟರ್ ರಕ್ತವನ್ನು ಎಫ್‌ಟಿಎ ಕಾರ್ಡ್‌ಗೆ (ಡಿಎನ್‌ಎ ಕಾಪಾಡುವ ರಾಸಾಯನಿಕ ಹಚ್ಚಿದ ಕಾಗದಕ್ಕೆ) ಹಾಕಿ ಒಣಗಿಸಿ, ಒಂದೊಂದು ಕಾರ್ಡನ್ನೂ ಸಿಲಿಕಾ ಜೆಲ್ ಜೊತೆ ಬೇರೆ ಜಿಪ್ ಚೀಲದಲ್ಲಿ ಇಡಿ. ಅಥವಾ ಲೈಸಿಸ್ ಬಫರ್. ಎಥನಾಲ್‌ಗೆ ನೇರ ಹಾಕಿದರೆ ರಕ್ತ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ, ಬೇರೆ ದಾರಿಯಿಲ್ಲದಾಗ ಮಾತ್ರ.

ಸಸ್ತನಿಯ ಕೆಂಪುಕಣದಲ್ಲಿ ನ್ಯೂಕ್ಲಿಯಸ್ ಇಲ್ಲ ಎಂಬುದು ಇಲ್ಲಿ ಲಾಭವೂ ಹೌದು, ನಷ್ಟವೂ ಹೌದು. ಹಕ್ಕಿಯ ರಕ್ತದಲ್ಲಿ ಆತಿಥೇಯ ಡಿಎನ್‌ಎ ಪ್ರವಾಹದ ನಡುವೆ ಪರಾವಲಂಬಿಯದನ್ನು ಹುಡುಕಬೇಕು, ಬಾವಲಿಯಲ್ಲಿ ಆ ಗದ್ದಲ ಕಡಿಮೆ. ಆದರೆ ಒಟ್ಟು ಡಿಎನ್‌ಎಯೂ ಕಡಿಮೆ, 10 ಮೈಕ್ರೋಲೀಟರ್‌ಗೆ ಕೆಲವು ನೂರು ನ್ಯಾನೋಗ್ರಾಂ ಸಿಕ್ಕರೆ ಹೆಚ್ಚು. ಹಾಗಾಗಿ ಕಾಲಮ್ ಕಿಟ್ ಬಳಸುವಾಗ ಕೊನೆಯಲ್ಲಿ ಡಿಎನ್‌ಎಯನ್ನು ಕಿಟ್ ಪುಸ್ತಿಕೆಯಲ್ಲಿರುವ 200 ಮೈಕ್ರೋಲೀಟರ್ ಬಫರ್‌ಗೆ ಬಿಡಿಸಿಕೊಳ್ಳಬೇಡಿ. 50 ಮೈಕ್ರೋಲೀಟರ್ ಬಫರನ್ನು 56 ಡಿಗ್ರಿಗೆ ಬಿಸಿಮಾಡಿ, ಕಾಲಮ್ ಮೇಲೆ 5 ನಿಮಿಷ ಬಿಟ್ಟು ತಿರುಗಿಸಿ. ಕಾರ್ಡ್ ಆದರೆ 3 ಮಿ.ಮೀ.ನ ಮೂರು ಬಿಲ್ಲೆಗಳನ್ನು 180 ಮೈಕ್ರೋಲೀಟರ್ ಲೈಸಿಸ್ ಬಫರ್, 20 ಮೈಕ್ರೋಲೀಟರ್ ಪ್ರೋಟೀನೇಸ್-ಕೆ ಜೊತೆ 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಪಂಚ್ ಮಾಡುವ ಉಪಕರಣವನ್ನು ಎರಡು ಮಾದರಿಗಳ ನಡುವೆ ಸ್ಪಿರಿಟ್ ಹಚ್ಚಿ ಸುಟ್ಟು, ಖಾಲಿ ಕಾಗದದ ಮೇಲೆ ಎರಡು ಬಾರಿ ಒತ್ತಿ. ಇಷ್ಟು ಕಡಿಮೆ ಸಾಂದ್ರತೆಯಲ್ಲಿ ಬೆಳಕಿನ ಹೀರಿಕೆಯಿಂದ ಡಿಎನ್‌ಎ ಅಳೆಯುವ ನ್ಯಾನೋಡ್ರಾಪ್ ಹೇಳುವ ಅಂಕಿಯನ್ನು ನಂಬಬೇಡಿ, ಡಿಎನ್‌ಎಗೆ ಅಂಟುವ ಬಣ್ಣದಿಂದ ಅಳೆಯುವ ಕ್ಯೂಬಿಟ್‌ನಲ್ಲಿ ಅಳೆಯಿರಿ.

ಪ್ರತಿ ಸುತ್ತಿನಲ್ಲೂ ರಕ್ತವೇ ಇಲ್ಲದ ಒಂದು ಖಾಲಿ ನಳಿಕೆಯನ್ನು ಮೊದಲಿನಿಂದ ಕೊನೆವರೆಗೆ ಒಯ್ಯಬೇಕು. ಡಿಎನ್‌ಎ ಬಂದ ಮೇಲೆ ಮೊದಲ ಪಿಸಿಆರ್ ಪರಾವಲಂಬಿಯದಲ್ಲ, ಬಾವಲಿಯ ಸ್ವಂತ ಸೈಟೋಕ್ರೋಮ್ ಬಿ ಅಥವಾ ಸಿಒಐ ಜೀನಿನದು (ಪ್ರಭೇದ ಗುರುತಿಸಲು ಬಳಸುವ ಮೈಟೊಕಾಂಡ್ರಿಯಾ ಜೀನುಗಳು). ಅದೇ ಬರದಿದ್ದರೆ ಮುಂದಿನ ‘ನೆಗೆಟಿವ್’ಗೆ ಅರ್ಥವಿಲ್ಲ. ಬಾವಲಿಯ ಗುರುತು ಖಾತ್ರಿಯಾಗುವುದು ಎರಡನೇ ಪ್ರಯೋಜನ. ಕಣ್ಣಂದಾಜಿನ ಗುರುತು ಮಿನಿಯಾಪ್ಟೆರಸ್‌ನಲ್ಲಿ ನಡೆಯದು. ಭಾರತ-ಶ್ರೀಲಂಕಾದಲ್ಲಿ ಒಂದೇ ಎಂದುಕೊಂಡಿದ್ದವುಗಳ ನಡುವಿನಿಂದ ಮಿನಿಯಾಪ್ಟೆರಸ್ ಫಿಲಿಪ್ಸಿ ಎಂಬ ಹೊಸ ಪ್ರಭೇದ ಬೇರ್ಪಟ್ಟದ್ದು 2022ರಷ್ಟು ಈಚೆಗೆ.

ಪಿಸಿಆರ್: ಎರಡು ಸುತ್ತು

ಪರಾವಲಂಬಿಯ ಮೈಟೊಕಾಂಡ್ರಿಯಾ ಜೀನೋಮ್ ಸುಮಾರು 6,000 ಬೇಸ್ ಜೋಡಿಯಷ್ಟು ಪುಟ್ಟದು, ಪ್ರೋಟೀನ್ ಜೀನುಗಳು ಮೂರೇ. ಆದರೆ ಒಂದೊಂದು ಕೋಶದಲ್ಲೂ ಅದರ ಹತ್ತಾರು ಪ್ರತಿಗಳಿರುತ್ತವೆ. ಸೈಟೋಕ್ರೋಮ್ ಬಿ ಜೀನ್ ಎಲ್ಲರ ಆಯ್ಕೆಯಾಗಿರುವುದು ಇದರಿಂದಲೇ.

ಹಕ್ಕಿ ಮಲೇರಿಯಾಕ್ಕೆಂದು 2004ರಲ್ಲಿ ಪ್ರಕಟವಾದ ನೆಸ್ಟೆಡ್ ವಿಧಾನ (ಮೊದಲ ಸುತ್ತಿನ ಉತ್ಪನ್ನದ ಒಳಭಾಗವನ್ನು ಎರಡನೇ ಸುತ್ತಿನಲ್ಲಿ ಮತ್ತೆ ಹೆಚ್ಚಿಸುವುದು) ಬಾವಲಿಗೂ ಬಹುಮಟ್ಟಿಗೆ ನಡೆಯುತ್ತದೆ. ಪ್ರೈಮರ್‌ಗಳು ಮೊದಲ ಸುತ್ತಿಗೆ ಹೀಮ್‌ಎನ್‌ಎಫ್‌ಐ ಮತ್ತು ಹೀಮ್‌ಎನ್‌ಆರ್3, ಎರಡನೆಯದಕ್ಕೆ ಹೀಮ್‌ಎಫ್ ಮತ್ತು ಹೀಮ್‌ಆರ್2. ಒಟ್ಟು 25 ಮೈಕ್ರೋಲೀಟರ್‌ನಲ್ಲಿ 10 ಪಟ್ಟಿನ ಬಫರ್ 2.5 ಮೈಕ್ರೋಲೀಟರ್, ಮೆಗ್ನೀಸಿಯಂ ಕ್ಲೋರೈಡ್ 1.5 ಮಿಲಿಮೋಲಾರ್, ಡಿಎನ್‌ಟಿಪಿ (ಡಿಎನ್‌ಎ ಕಟ್ಟುವ ಇಟ್ಟಿಗೆಗಳು) ತಲಾ 0.2 ಮಿಲಿಮೋಲಾರ್, ಪ್ರೈಮರ್ ತಲಾ 0.4 ಮೈಕ್ರೋಮೋಲಾರ್, ಟ್ಯಾಕ್ ಪಾಲಿಮರೇಸ್ 0.5–1 ಯೂನಿಟ್, ಡಿಎನ್‌ಎ 2 ಮೈಕ್ರೋಲೀಟರ್. 94 ಡಿಗ್ರಿಯಲ್ಲಿ 3 ನಿಮಿಷ. ಆಮೇಲೆ 94ರಲ್ಲಿ 30 ಸೆಕೆಂಡ್, 50ರಲ್ಲಿ 30, 72ರಲ್ಲಿ 45, ಹೀಗೆ 20 ಆವರ್ತನೆ. ಕೊನೆಗೆ 72ರಲ್ಲಿ 10 ನಿಮಿಷ. ಅದರಿಂದ 1 ಮೈಕ್ರೋಲೀಟರ್ ಎತ್ತಿ ಎರಡನೇ ಪ್ರೈಮರ್ ಜೋಡಿಯೊಂದಿಗೆ ಅದೇ ತಾಪದಲ್ಲಿ 35 ಆವರ್ತನೆ. ಶೇ. 2 ಅಗರೋಸ್ ಜೆಲ್‌ನಲ್ಲಿ ಸುಮಾರು 525 ಬೇಸ್ ಜೋಡಿಯ ಪಟ್ಟಿ ಕಾಣಬೇಕು. ಮೊದಲ ಸುತ್ತಿನದನ್ನು ಜೆಲ್‌ಗೆ ಹಾಕಿ ಏನೂ ಕಾಣಲಿಲ್ಲವೆಂದು ಬೇಸರಪಡಬೇಡಿ, ಕಾಣುವುದಿಲ್ಲ.

ಈ ಇಡೀ ಕೆಲಸದ ಅತಿ ಅಪಾಯದ ಕ್ಷಣ ಮೊದಲ ಸುತ್ತಿನ ನಳಿಕೆಯ ಮುಚ್ಚಳ ತೆರೆಯುವುದು. ಒಳಗಿರುವ ಪ್ರತಿಗಳು ತುಂತುರಾಗಿ ಹಾರಿ ಪಕ್ಕದ ನಳಿಕೆಗೆ ಬಿದ್ದರೆ ಮುಂದಿನ 35 ಆವರ್ತನೆಯಲ್ಲಿ ಅದೂ ಪಾಸಿಟಿವ್. ತೆರೆಯುವ ಮೊದಲು ಒಮ್ಮೆ ತಿರುಗಿಸಿ ಹನಿಗಳನ್ನು ಕೆಳಗಿಳಿಸಿ. ಒಂದು ಮುಚ್ಚಳ ತೆರೆದು, ಮುಚ್ಚಿ, ಆಮೇಲೆ ಇನ್ನೊಂದು. ಫಿಲ್ಟರ್ ತುದಿಗಳೇ ಬೇಕು, ಪಿಪೆಟ್ ಬೇರೆ, ಸಾಧ್ಯವಾದರೆ ಕೋಣೆಯೂ ಬೇರೆ. ಎಂಟು ಮಾದರಿಗೊಂದು ನೀರಿನ ಕಂಟ್ರೋಲ್ ಇಟ್ಟು, ಅದನ್ನೂ ಎರಡು ಸುತ್ತು ಓಡಿಸಿ. ನೀರಿನಲ್ಲಿ ಪಟ್ಟಿ ಕಂಡರೆ ಆ ತಟ್ಟೆಯನ್ನು ಪೂರ್ತಿ ಎಸೆಯುವುದೇ ಸರಿ, ‘ಮಸುಕಾಗಿದೆ, ಪರವಾಗಿಲ್ಲ’ ಎನ್ನುವ ರಾಜಿ ಬೇಡ.

ಪಾಸಿಟಿವ್ ಕಂಟ್ರೋಲ್‌ಗೆ ಇನ್ನೊಂದು ಬಾವಲಿಯ ಮಾದರಿ ಹಾಕಬೇಡಿ. ಅದು ಸೋರಿದರೆ ಪತ್ತೆಯೇ ಆಗುವುದಿಲ್ಲ. ಪಾರಿವಾಳದ ಹೀಮೋಪ್ರೋಟಿಯಸ್ (ಹಕ್ಕಿಗಳಲ್ಲಿರುವ ಇದೇ ಬಳಗದ ಪರಾವಲಂಬಿ) ಹಾಕಿ. ನಮ್ಮೂರ ಪಾರಿವಾಳಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ, ಸೋರಿದರೆ ಸೀಕ್ವೆನ್ಸ್ ನೋಡಿದ ಕೂಡಲೇ ಕಳ್ಳ ಸಿಕ್ಕಿಬೀಳುತ್ತಾನೆ.

ಸ್ಲೈಡ್‌ನಲ್ಲಿ ಕಂಡದ್ದು ಪಿಸಿಆರ್‌ನಲ್ಲಿ ಬರದಿದ್ದರೆ ಡಿಎನ್‌ಎಯನ್ನು 10 ಪಟ್ಟು ತೆಳುಮಾಡಿ ನೋಡಿ, ತಡೆಯುವ ವಸ್ತುಗಳಿದ್ದರೆ ಅದರಿಂದ ಸರಿಹೋಗುತ್ತದೆ. ಆಗಲೂ ಬರದಿದ್ದರೆ ಪ್ರೈಮರ್ ಹೊಂದುತ್ತಿಲ್ಲ, ಬೇರೆ ಜೋಡಿ ಬೇಕು. ನ್ಯೂಕ್ಲಿಯಸ್ ಜೀನುಗಳಿಗೆ ಹೋದಾಗ ಇನ್ನೊಂದು ತೊಡಕು: ಈ ಬಳಗದ ಡಿಎನ್‌ಎಯಲ್ಲಿ ಎ-ಟಿ ಬಹಳ, ಉದಾಹರಣೆಗೆ ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿ ಶೇ. 80ರಷ್ಟು. 72 ಡಿಗ್ರಿಯಲ್ಲಿ ಅಂಥ ಎಳೆಗಳು ಬಿಟ್ಟುಕೊಳ್ಳುತ್ತವೆ. ಬೆಳೆಸುವ ಹಂತವನ್ನು 60–65 ಡಿಗ್ರಿಗೆ ಇಳಿಸಿ, ಸಮಯ ಹೆಚ್ಚಿಸಿದರೆ ಎಷ್ಟೋ ಬಾರಿ ಪಟ್ಟಿ ಮೂಡುತ್ತದೆ.

ಸೀಕ್ವೆನ್ಸ್ ಓದುವಾಗ

ಎರಡೂ ದಿಕ್ಕಿನಿಂದ ಸ್ಯಾಂಗರ್ ಸೀಕ್ವೆನ್ಸ್ ಮಾಡಿಸಿ. ಪ್ರೈಮರ್ ಭಾಗ ಕತ್ತರಿಸಿದ ಮೇಲೆ ಸುಮಾರು 480 ಅಕ್ಷರ ಉಳಿಯುತ್ತದೆ. ಫೈಲ್ ಬಂದ ಕೂಡಲೇ ಬ್ಲಾಸ್ಟ್‌ಗೆ (ಡೇಟಾಬೇಸ್‌ನಲ್ಲಿ ಹೋಲುವ ಸೀಕ್ವೆನ್ಸ್ ಹುಡುಕುವ ತಾಣಕ್ಕೆ) ಅಂಟಿಸುವ ಚಾಳಿ ಬಿಟ್ಟು ಮೊದಲು ಕ್ರೋಮಟೋಗ್ರಾಂ (ಒಂದೊಂದು ಅಕ್ಷರಕ್ಕೂ ಬಣ್ಣದ ಶಿಖರ ತೋರಿಸುವ ಚಿತ್ರ) ಕಣ್ಣಾರೆ ನೋಡಿ. ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರಗಳು, ಅದೂ ಎರಡೂ ದಿಕ್ಕಿನಲ್ಲಿ, ಕಂಡರೆ ಆ ಬಾವಲಿಯಲ್ಲಿ ಎರಡು ವಂಶಗಳು ಬೆರೆತಿವೆ. ಸಾಫ್ಟ್‌ವೇರ್ ಎತ್ತರದ ಶಿಖರ ಆರಿಸಿ ಕೊಟ್ಟ ಸೀಕ್ವೆನ್ಸ್ ಅಲ್ಲಿ ಯಾವ ಜೀವಿಯದ್ದೂ ಅಲ್ಲ, ಎರಡರ ಕಲಬೆರಕೆ. ಅಂಥದ್ದನ್ನು ಬ್ಯಾಕ್ಟೀರಿಯಾದಲ್ಲಿ ಕ್ಲೋನ್ ಮಾಡಿ 8–10 ವಸಾಹತುಗಳನ್ನು ಬೇರೆ ಬೇರೆ ಓದಿಸಬೇಕು.

ಆಮೇಲೆ ಅಮಿನೊ ಆಮ್ಲಕ್ಕೆ ಅನುವಾದಿಸಿ. ಜೆನೆಟಿಕ್ ಕೋಡ್ ಪಟ್ಟಿಯಲ್ಲಿ ಸಂಖ್ಯೆ 4 (ಈ ಪರಾವಲಂಬಿಗಳ ಮೈಟೊಕಾಂಡ್ರಿಯಾದ ಕೋಡ್) ಆರಿಸಿ. ಬಾವಲಿಯ ಜೀನಿಗೆ ಬಳಸಿದ 2ನೇ ಪಟ್ಟಿಯನ್ನೇ ಮರೆತು ಉಳಿಸಿಕೊಂಡರೆ, ಎಜಿಎ ಬಂದಲ್ಲೆಲ್ಲ ‘ನಿಲ್ಲು’ ಎಂಬ ಸಂಕೇತ ಕಂಡು ಒಳ್ಳೆಯ ಸೀಕ್ವೆನ್ಸ್ ಹಾಳಾಗಿದೆ ಎನಿಸುತ್ತದೆ. ಸರಿಯಾದ ಪಟ್ಟಿಯಲ್ಲೂ ನಡುವೆ ನಿಲುಗಡೆ ಬಂದರೆ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಓದಿದ್ದೀರಿ. ಈ ಜೀನಿನಲ್ಲಿ ಇಂಟ್ರಾನ್ (ಪ್ರೋಟೀನ್‌ಗೆ ಸಂಕೇತವಿಲ್ಲದ ನಡುವಿನ ತುಂಡು) ಇಲ್ಲ, ನೆಪ ಹೇಳಲಾಗದು.

ಹೆಸರು ಮತ್ತು ಮರ

ಬ್ಲಾಸ್ಟ್‌ನ ಮೊದಲ ಸಾಲಿನ ಹೆಸರು ಉತ್ತರವಲ್ಲ, ಅದು ಯಾರೋ ಬರೆದ ಲೇಬಲ್. ಹೋಲಿಕೆ ಶೇ. 93 ಇದ್ದು ‘ಪ್ಲಾಸ್ಮೋಡಿಯಂ’ ಎಂದಿದ್ದರೆ, ಹತ್ತಿರದವರು ಡೇಟಾಬೇಸ್‌ನಲ್ಲಿ ಇಲ್ಲ ಎಂದಷ್ಟೇ ಅರ್ಥ. ಯಾರು ಯಾರಿಗೆ ಹತ್ತಿರದ ನೆಂಟರು ಎಂದು ತೋರಿಸುವ ವಂಶವೃಕ್ಷದ ಮರ ಕಟ್ಟಲೇಬೇಕು. ದೂರದ ನೆಂಟನಾದ ಲ್ಯೂಕೊಸೈಟೊಜೂನ್ ಅನ್ನು ಹೋಲಿಕೆಯ ಹೊರಗುಂಪಾಗಿಟ್ಟು, ಹಕ್ಕಿ-ಹಲ್ಲಿಗಳ ಪ್ಲಾಸ್ಮೋಡಿಯಂ, ಇಲಿಗಳ ಬರ್ಗೈ, ಯೋಯೆಲಿ, ವಾನರಗಳ ಪ್ರಭೇದಗಳು, ಬಾವಲಿಯ ನಾಲ್ಕೂ ಕುಲಗಳು ಸೇರಿರಲಿ. ಮ್ಯಾಫ್ಟ್ ತಂತ್ರಾಂಶದಲ್ಲಿ ಸೀಕ್ವೆನ್ಸ್‌ಗಳನ್ನು ಜೋಡಿಸಿ, ಕೋಡಾನ್‌ನ ಮೂರು ಸ್ಥಾನಗಳನ್ನು ಬೇರ್ಪಡಿಸಿ, ಮರ ಕಟ್ಟುವ ಐಕ್ಯೂ-ಟ್ರೀಯಲ್ಲಿ 1000 ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರ್ಯಾಪ್ (ಕವಲು ಎಷ್ಟು ಗಟ್ಟಿ ಎಂದು ನೋಡುವ ಪರೀಕ್ಷೆ) ಓಡಿಸಿ. ಇದರಲ್ಲಿ 95ಕ್ಕಿಂತ ಕೆಳಗಿನ ಕವಲನ್ನು ನೆಚ್ಚಿಕೊಂಡು ಏನೂ ಬರೆಯಬೇಡಿ. ಹಳೆಯ ಬೂಟ್‌ಸ್ಟ್ರ್ಯಾಪ್‌ನ 70ರ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಮರದಲ್ಲಿ ಹೆಪಟೋಸಿಸ್ಟಿಸ್ ಪ್ಲಾಸ್ಮೋಡಿಯಂಗಳ ನಡುವೆಯೇ ಕೂತರೆ ಗಾಬರಿ ಬೇಡ, ಅದು ಅಲ್ಲಿಯದೇ. ವೋಲ್ಟೈಕಮ್, ಸೈಕ್ಲಾಪ್ಸಿಗಳು ಇಲಿಯ ಪ್ಲಾಸ್ಮೋಡಿಯಂಗಳ ಪಕ್ಕ ನಿಲ್ಲುವುದೂ ಸರಿಯೇ, ಪಶ್ಚಿಮ ಆಫ್ರಿಕದ ಬಾವಲಿಗಳ ಮೇಲೆ 2013ರಲ್ಲಿ ಬಂದ ಅಧ್ಯಯನ ಅದನ್ನೇ ತೋರಿಸಿತು. ಆದರೆ 480 ಅಕ್ಷರದಿಂದ ಹಳೆಯ, ಆಳದ ಕವಲುಗಳು ಬಿಡಿಸಿಕೊಳ್ಳುವುದಿಲ್ಲ. ಕುಲಗಳ ನಡುವಿನ ನೆಂಟಸ್ತಿಕೆ ಬೇಕಿದ್ದರೆ ಪೂರ್ಣ ಸೈಟೋಕ್ರೋಮ್ ಬಿ, ಸಿಒಎಕ್ಸ್1, ಎಪಿಕೋಪ್ಲಾಸ್ಟ್‌ (ಈ ಜೀವಿಗಳ ಕೋಶದಲ್ಲಿರುವ, ಸ್ವಂತ ಡಿಎನ್‌ಎಯ ಒಂದು ಭಾಗ) ಒಳಗಿನ ಸಿಎಲ್‌ಪಿಸಿ, ನ್ಯೂಕ್ಲಿಯಸ್‌ನ ಒಂದು ಜೀನ್ ಇಷ್ಟಾದರೂ ಬೇಕು.

ಬಾವಲಿ ನೊಣದ ವಿಷಯ

ಪಾಲಿಕ್ರೋಮೋಫೈಲಸ್ ಹರಡುವುದು ನಿಕ್ಟಿರಿಬಿಡ್ ನೊಣಗಳಿಂದ. ರೆಕ್ಕೆಯಿಲ್ಲದ, ಜೇಡದಂತೆ ತುಪ್ಪಳದಲ್ಲಿ ಓಡಾಡುವ ಇವನ್ನು ಮೊಂಡು ಚಿಮುಟದಿಂದ ಹಿಡಿದು ಶೇ. 96 ಎಥನಾಲ್‌ಗೆ ಹಾಕಿ. ಇಡೀ ನೊಣ ಅರೆದು ಪಿಸಿಆರ್ ಮಾಡಿ ಪಾಸಿಟಿವ್ ಬಂದರೆ ಅದು ವಾಹಕ ಎಂದು ಸಾಬೀತಾಗುವುದಿಲ್ಲ. ಈಗಷ್ಟೇ ಹೀರಿದ ರಕ್ತದಲ್ಲಿದ್ದದ್ದೇ ಪಟ್ಟಿಯಾಗಿ ಕಂಡಿರಬಹುದು. ಹೊಟ್ಟೆಯನ್ನೂ ಎದೆ-ತಲೆಯ ಭಾಗವನ್ನೂ ಬೇರೆ ಬೇರೆ ಡಿಎನ್‌ಎ ತೆಗೆಯಿರಿ. ವಾಹಕ ಎಂದು ಹೇಳಲು ತಾಜಾ ನೊಣದ ಲಾಲಾಗ್ರಂಥಿಯಲ್ಲಿ ಸ್ಪೊರೊಜಾಯಿಟ್ (ಸೋಂಕು ಹರಡುವ ಹಂತದ ಕೋಶ) ಕಾಣಬೇಕು, ಅದಕ್ಕೆ ಮತ್ತೆ ಸೂಕ್ಷ್ಮದರ್ಶಕವೇ ಗತಿ.

ಸೀಕ್ವೆನ್ಸ್ ಅನ್ನು ಸಾರ್ವಜನಿಕ ಜೀನ್ ಡೇಟಾಬೇಸ್ ಜೆನ್‌ಬ್ಯಾಂಕ್‌ಗೆ ಸಲ್ಲಿಸುವಾಗ ಸ್ಲೈಡ್ ಸಂಖ್ಯೆ, ಆ ಸ್ಲೈಡ್ ಯಾವ ಸಂಗ್ರಹಾಲಯದಲ್ಲಿದೆ ಎಂಬುದು, ಬಾವಲಿಯ ಬಾರ್‌ಕೋಡ್ ಸಂಖ್ಯೆ, ಹಿಡಿದ ದಿನಾಂಕ, ಜಿಲ್ಲೆ ಸೇರಿಸಿ. ಗುಹೆಯ ನಿಖರ ಅಕ್ಷಾಂಶ-ರೇಖಾಂಶ ಮಾತ್ರ ಸಾರ್ವಜನಿಕವಾಗಿ ಬೇಡ, ಅರಣ್ಯ ಇಲಾಖೆಗೆ ಕೊಡುವ ವರದಿಯಲ್ಲಿ ಇದ್ದರೆ ಸಾಕು. ಸ್ಲೈಡ್‌ನಲ್ಲಿ ಗ್ಯಾಮಿಟೋಸೈಟ್ ಕಂಡು ಪ್ರಭೇದ ಖಚಿತವಾಗದಿದ್ದರೆ ‘ಪಾಲಿಕ್ರೋಮೋಫೈಲಸ್ ಪ್ರಭೇದ’ ಎಂದು ಬರೆದು ವಂಶದ ಸಂಖ್ಯೆ ಕೊಡಿ.